ಹೊಲದ ಕ್ಯಾಮೆರಾ ಮತ್ತು ಹೆಂಗಸರ ಮರೆ

ಯಾದಗಿರಿ, ಶಹಾಪುರ, ಸುರಪುರ ಕಡೆಯ ಹೊಲಗಳಲ್ಲಿ ಈಗ ಅಲ್ಲೊಂದು ಇಲ್ಲೊಂದು ಕಂಬ, ಕಂಬದ ಮೇಲೆ ಸೋಲಾರ್ ಫಲಕ, ಅದರ ಕೆಳಗೊಂದು ಕ್ಯಾಮೆರಾ ಕಾಣಸಿಗುತ್ತದೆ. ಸಿಮ್ ಹಾಕಿದರೆ ಸಾಕು, ಬೆಂಗಳೂರಿಗೆ ದುಡಿಯಲು ಹೋದವನೂ ತನ್ನ ಹೊಲವನ್ನು ಮೊಬೈಲಿನಲ್ಲಿ ನೋಡಬಹುದು. ಹಾಕಿಸಿದವರನ್ನು ಹಂಗಿಸುವಂತಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ನೆಲದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುತ್ತಾರೆ. ತಾಮ್ರದ ಆಸೆಗೆ ಮೋಟಾರಿನ ಕೇಬಲ್ ಕತ್ತರಿಸಿಕೊಂಡು ಹೋದರೆ, ಕಣದಲ್ಲಿ ಒಣಗಲು ಹಾಕಿದ ಮೆಣಸಿನಕಾಯಿ ರಾತ್ರೋರಾತ್ರಿ ಮಾಯವಾದರೆ ಸಾಲ ಮಾಡಿದ ರೈತ ಯಾರ ಬಾಗಿಲಿಗೆ ಹೋಗಬೇಕು? ತನ್ನ ಮಾಲನ್ನು ಕಾಯುವುದು ಅವನ ಹಕ್ಕು. ಸ್ವಂತ ಹೊಲದಲ್ಲಿ ಕ್ಯಾಮೆರಾ ಹಾಕಲು ಯಾವ ಕಾಯ್ದೆಯೂ ಅಡ್ಡಿಯಿಲ್ಲ.

ಆದರೆ ಹತ್ತಿ ಬಿಡಿಸುವ ಕಾಲದಲ್ಲಿ ಶಹಾಪುರದ ಚಹಾದ ಹೋಟೆಲೊಂದರಲ್ಲಿ ಪರಿಚಯದ ರೈತರೊಬ್ಬರು ಹೆಮ್ಮೆಯಿಂದ ಮೊಬೈಲ್ ತೋರಿಸಿದಾಗ ನಾವು ತಲೆ ತಗ್ಗಿಸಬೇಕಾಯಿತು. ಪರದೆಯ ಮೇಲೆ ಮೋಟಾರಿತ್ತು, ಹತ್ತಿಯ ಸಾಲುಗಳಿದ್ದವು. ಬದುವಿನ ಜಾಲಿಗಿಡದ ಮರೆಗೆ ಹೋಗುತ್ತಿದ್ದ ಕೂಲಿ ಹೆಂಗಸೂ ಇದ್ದಳು. ಅವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಪಕ್ಕದ ಬೆಂಚಿನ ಹುಡುಗರು ಮಾತ್ರ ಕತ್ತು ಉದ್ದ ಮಾಡಿದರು.

ಪಹಣಿಯಲ್ಲಿ ಹೊಲ ಒಬ್ಬನ ಹೆಸರಿನಲ್ಲಿದೆ, ನಿಜ. ಮುಂಜಾನೆಯಿಂದ ಸಂಜೆಯವರೆಗೆ ಅಲ್ಲಿ ದುಡಿಯುವ ಹೆಂಗಸಿಗೆ ಆ ಬದುವೇ ಪಾಯಖಾನೆ, ಆ ನೆರಳೇ ಕೂಸಿಗೆ ಹಾಲೂಡಿಸುವ ಕೋಣೆ. ಗೋಡೆಯಿಲ್ಲದವಳಿಗೆ ಖಾಸಗಿತನವೂ ಇಲ್ಲವೇ? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಹಕ್ಕು ಮನುಷ್ಯನಿಗೆ ಅಂಟಿದ್ದು, ಜಾಗಕ್ಕಲ್ಲ ಎಂಬ ಮಾತು ಆ ತೀರ್ಪಿನಲ್ಲಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಂತೆ, ಒಪ್ಪಿಗೆಯಿಲ್ಲದೆ ಒಬ್ಬರ ಗುಪ್ತಾಂಗದ ಚಿತ್ರವನ್ನು ತಿಳಿದೂ ತೆಗೆದರೆ, ಹಂಚಿದರೆ 3 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾಗ ಸಾರ್ವಜನಿಕವೋ ಖಾಸಗಿಯೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. 2023ರ ದತ್ತಾಂಶ ರಕ್ಷಣಾ ಕಾಯ್ದೆ ಮನೆಬಳಕೆಯನ್ನು ಹೊರಗಿಟ್ಟಿದೆ. ಹತ್ತಾರು ಕೂಲಿಯವರು ದುಡಿಯುವ ಹೊಲ ಮನೆಬಳಕೆಯಾಗುತ್ತದೆಯೇ, ವಕೀಲರು ವಾದಿಸಲಿ.

"ತಿಳಿದೂ" ಎಂಬ ಪದದ ಹಿಂದೆ ನಮ್ಮ ರೈತಮಿತ್ರರು ನಿಂತುಕೊಳ್ಳಬಹುದು. ಕಾಯ್ದೆಗೆ ಅಷ್ಟು ಸಾಕಾದೀತು, ನಮಗೆ ಸಾಲದು. ಹಝ್ರತ್ ಉಮರ್ (ರ) ರಾತ್ರಿ ಮದೀನಾದ ಬೀದಿಗಳಲ್ಲಿ ಗಸ್ತು ತಿರುಗುವಾಗ ಒಂದು ಮನೆಯಿಂದ ಹಾಡು ಕೇಳಿ ಗೋಡೆ ಹತ್ತಿ ಒಳಗಿಳಿದ ಕಥೆಯುಂಟು. ಅಲ್ಲಿ ಮದ್ಯದೊಂದಿಗೆ ಸಿಕ್ಕಿಬಿದ್ದವನು, ನನ್ನದು ಒಂದು ತಪ್ಪು, ನಿಮ್ಮದು ಮೂರು ಎಂದನಂತೆ: ಇಣುಕಿದಿರಿ, ಬಾಗಿಲು ಬಿಟ್ಟು ಬಂದಿರಿ, ಅನುಮತಿ ಕೇಳಲಿಲ್ಲ. ಖಲೀಫರು ಮರಳಿ ಹೋದರು. ಅವರ ಉದ್ದೇಶವೂ ಕಾವಲೇ ಆಗಿತ್ತು. ಪರದಾ ಎಂದೊಡನೆ ಹೆಂಗಸರ ಬಟ್ಟೆಯ ಚರ್ಚೆಗಿಳಿಯುವ ನಾವು, ಸೂರಾ ನೂರ್ ದೃಷ್ಟಿ ತಗ್ಗಿಸಲು ಮೊದಲು ಹೇಳಿದ್ದು ಗಂಡಸರಿಗೆ ಎಂಬುದನ್ನು ಮರೆತುಬಿಡುತ್ತೇವೆ.

ಹಿಂದೆ ಬೆಳೆ ಕಾಯಲು ಮಂಚಿಕೆಯ ಮೇಲೆ ಮನುಷ್ಯ ಕೂಡುತ್ತಿದ್ದ. ಅವನಿಗೂ ಎಲ್ಲ ಕಾಣುತ್ತಿತ್ತು. ಹೆಂಗಸರು ಬದುವಿನತ್ತ ನಡೆದರೆ ಕೆಮ್ಮಿ ಮುಖ ತಿರುಗಿಸುತ್ತಿದ್ದ. ಅವನು ಅಲ್ಲಿರುವುದು ಅವರಿಗೂ ಗೊತ್ತಿರುತ್ತಿತ್ತು. ಕ್ಯಾಮೆರಾ ಕೆಮ್ಮುವುದಿಲ್ಲ. ಕಂಡದ್ದನ್ನು ಕೂಡಿಟ್ಟುಕೊಳ್ಳುತ್ತದೆ, ಪಾಸ್‌ವರ್ಡ್ ಯಾರ ಯಾರ ಕೈಯಲ್ಲಿದೆಯೋ ಅಷ್ಟೂ ಮಂದಿಗೆ ಬೇಕೆಂದಾಗ ತೋರಿಸುತ್ತದೆ.

ಇದನ್ನೆಲ್ಲ ಆ ರೈತರ ಮುಂದೆ ಹೇಳಿದೆವು. ಬದುವಿನ ಕಡೆಯಿಂದಲೇ ಕಳ್ಳ ಬಂದರೆ ಎಂದು ಅವರು ಕೇಳಿದರು; ನಮ್ಮಲ್ಲಿ ಉತ್ತರವಿರಲಿಲ್ಲ. ಆದರೂ ಒಳ್ಳೆಯ ಮನುಷ್ಯ, ವಾರದೊಳಗೆ ಕ್ಯಾಮೆರಾವನ್ನು ಮೋಟಾರಿನ ಕಡೆಗಷ್ಟೇ ತಿರುಗಿಸಿದರು. ಹಾಗೆ ತಿರುಗಿಸಿದ್ದನ್ನು ಕೂಲಿ ಹೆಂಗಸರಿಗೆ ತಿಳಿಸಿದಿರಾ ಎಂದು ವಿಚಾರಿಸಿದೆವು.

"ಅವರಿಗೆ ಯಾಕ್ ಹೇಳಬೇಕ್ರಿ ಸಾಬ್ರೆ," ಎಂದರು, "ಅಲ್ಲಿ ಕ್ಯಾಮೆರಾ ಅದ ಅಂತನೇ ಅವರಿಗೆ ಗೊತ್ತಿಲ್ಲ."