ಸ್ತುತಿಯೂ ಮುಖಸ್ತುತಿಯೂ

ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ನಮಗೆ ತರ್ಕವನ್ನು ಬೋಧಿಸಿದ ಗುರುಗಳು, ಪೂರ್ವಪಕ್ಷವನ್ನು ಪ್ರತಿವಾದಿಗಿಂತಲೂ ಚೆನ್ನಾಗಿ ನಿರೂಪಿಸಬಲ್ಲವನಿಗೆ ಮಾತ್ರವೇ ಸಿದ್ಧಾಂತವನ್ನು ಹೇಳುವ ಅಧಿಕಾರವುಂಟೆಂದು ಎಚ್ಚರಿಸುತ್ತಿದ್ದರು. ಕ್ರೈಸ್ತರ ಬಾಳಿನಲ್ಲಿ ದೇವಸ್ತುತಿಗಿರುವ ಸ್ಥಾನವನ್ನು ಕುರಿತು ಬರೆಯಹೊರಟಿರುವ ನಾನು ಆ ಮತದವನಲ್ಲವಾದುದರಿಂದ, ಈ ಎಚ್ಚರಿಕೆಯು ನನಗೆ ಇಮ್ಮಡಿಯಾಗಿ ಸಲ್ಲತಕ್ಕದ್ದು. ಆದಕಾರಣ ಬಹುಕಾಲ ನನ್ನ ಮನಸ್ಸಿನಲ್ಲಿಯೇ ಬೇರೂರಿದ್ದ ಆಕ್ಷೇಪವನ್ನು ಮೊದಲು ವಾಚಕರ ಮುಂದಿಡುತ್ತೇನೆ.

ದೇವರು ಪೂರ್ಣನೆಂಬುದು ಉಭಯಸಮ್ಮತ. ಪೂರ್ಣನಾದವನಿಗೆ ನಮ್ಮ ಹೊಗಳಿಕೆಯಿಂದ ಏನಾದರೂ ಕೂಡುವುದಾದರೆ ಅವನು ಪೂರ್ಣನಲ್ಲ. ಏನೂ ಕೂಡದಿದ್ದರೆ ಹೊಗಳಿಕೆಯು ವ್ಯರ್ಥ. ಅಷ್ಟೇ ಅಲ್ಲ, ಹೊಗಳಿಸಿಕೊಳ್ಳಲು ಹಂಬಲಿಸುವ ಒಡೆಯನನ್ನು ಲೋಕದಲ್ಲಿ ಯಾರೂ ಮನಸಾರ ಗೌರವಿಸುವುದಿಲ್ಲ. ಪರೀಕ್ಷೆ ಹತ್ತಿರವಾದಂತೆಲ್ಲ ಮೇಷ್ಟರ ಪಾಠದ ಸೊಬಗನ್ನು ಕೊಂಡಾಡುವ ಹುಡುಗರನ್ನು ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಂಡವನು. (ಅವರ ಮಾತು ಕಿವಿಗೆ ಇಂಪಾಗಿರಲಿಲ್ಲವೆಂದು ಹೇಳಲಾರೆ.) ಹೀಗಿರುವಲ್ಲಿ, ದೇವರನ್ನು ಸದಾ ಹೊಗಳಬೇಕೆಂಬ ವಿಧಿಯು ಮುಖಸ್ತುತಿಗಿಂತ ಹೇಗೆ ಬೇರೆಯಾದೀತು?

ಅವರ ಗ್ರಂಥವನ್ನೇ ತೆರೆದು ನೋಡಿದಾಗ, ಆಕ್ಷೇಪದ ಮೊದಲ ಭಾಗವು ಅಲ್ಲಿಯೇ ಪರಿಹಾರವಾಗಿರುವುದನ್ನು ಕಂಡೆನು. 50ನೆಯ ಕೀರ್ತನೆಯಲ್ಲಿ ದೇವರು, ತನಗೆ ಹಸಿವಾದರೂ ಅದನ್ನು ಮನುಷ್ಯರಿಗೆ ತಿಳಿಸಬೇಕಾದುದಿಲ್ಲ, ಲೋಕವೂ ಅದರಲ್ಲಿರುವುದೆಲ್ಲವೂ ತನ್ನದೇ ಎಂಬ ಅರ್ಥದಲ್ಲಿ ನುಡಿಯುತ್ತಾನೆ. ಹಾಗೆ ನುಡಿದು, ಆಮೇಲೆ ಸ್ತೋತ್ರವನ್ನೇ ಯಜ್ಞವಾಗಿ ಅರ್ಪಿಸಲು ಹೇಳುತ್ತಾನೆ. ಬೇಡವೆನ್ನುವವನೇ ಕೇಳುತ್ತಿದ್ದಾನೆ! ಹಾಗಾದರೆ ಆ ಅರ್ಪಣೆಯು ಅರ್ಪಿಸುವವನ ಹಿತಕ್ಕಾಗಿಯೇ ಇರಬೇಕಲ್ಲವೆ? ಆಂಗ್ಲಸಾಹಿತ್ಯದ ಆಚಾರ್ಯರಾಗಿದ್ದ ಸಿ. ಎಸ್. ಲೂಯಿಸರು 1958ರಲ್ಲಿ ಪ್ರಕಟಿಸಿದ ಕೀರ್ತನೆಗಳ ವಿಚಾರಗ್ರಂಥದಲ್ಲಿ, ತಮಗೂ ಮೊದಮೊದಲು ಇದೇ ಆಕ್ಷೇಪವಿತ್ತೆಂದು ಒಪ್ಪಿಕೊಂಡು, ಆನಂದವು ಹೊಗಳಿಕೆಯಲ್ಲಿಯೇ ಪೂರ್ಣವಾಗುವುದೆಂದು ಸಮಾಧಾನ ಹೇಳಿದ್ದಾರೆ. ಒಳ್ಳೆಯ ಶ್ಲೋಕವನ್ನು ಓದಿದ ಸಹೃದಯನು ಪಕ್ಕದವನನ್ನು ಕರೆದು ಓದಿಹೇಳದೆ ಇರಲಾರನೆಂಬುದು ನಮಗೂ ಅನುಭವವೇದ್ಯ.

ಈ ಸಮಾಧಾನವು ಸೊಗಸಾದುದು. ಆದರೂ ನನಗೆ ಸಾಲದು. ಇದು ಸುಖದ ದಿನಗಳಿಗೆ ಸಲ್ಲುವ ಮಾತು. ಉಕ್ಕುವುದಕ್ಕೆ ಆನಂದವೇ ಇಲ್ಲದಾಗ ಸ್ತುತಿಸತಕ್ಕವನು ಏನು ಮಾಡಬೇಕು? ಈ ಪ್ರಶ್ನೆಯು ನನಗೆ ಪುಸ್ತಕದಿಂದ ಬಂದುದಲ್ಲ.

ನಾನು ಕರಾವಳಿಯ ಒಂದು ಶಾಲೆಯಲ್ಲಿ ಕೆಲಸದಲ್ಲಿದ್ದಾಗ, ಗಣಿತವನ್ನು ಕಲಿಸುತ್ತಿದ್ದ ಕ್ರೈಸ್ತ ಮಿತ್ರರೊಬ್ಬರಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ಸಭೆ ಅವರದು. ಜರ್ಮನ್ ರಾಗಗಳಿಗೆ ಕನ್ನಡದ ನುಡಿಗಳನ್ನು ಹೊಂದಿಸಿದ ಹಾಡುಗಳನ್ನು ಅವರ ಮನೆಯಲ್ಲಿ ಸಂಜೆಯ ಹೊತ್ತು ಕೇಳಬಹುದಾಗಿತ್ತು. (ನಮ್ಮ ಛಂದಸ್ಸುಗಳಲ್ಲಿಯೇ ಯೇಸುವಿನ ಚರಿತ್ರೆಯನ್ನು ಹಾಡಿದ ಕಿಟ್ಟೆಲರ ‘ಕಥಾಮಾಲೆ’ 1862ರಷ್ಟು ಹಿಂದೆಯೇ ಬಂದಿದ್ದರೂ ಆ ದಾರಿಯಲ್ಲಿ ನಡೆದವರು ಕಡಮೆಯೆಂಬುದು ನನ್ನ ಕೊರಗು.) ಒಂದು ಮಳೆಗಾಲದಲ್ಲಿ ಅವರ ಒಬ್ಬನೇ ಮಗನು ಜ್ವರದಿಂದ ತೀರಿಕೊಂಡನು. ನಾನು ಹೋದಾಗ ಮನೆಯ ತುಂಬ ಜನರು ನಿಂತು ದೇವರ ಮಹಿಮೆಯನ್ನು ಹಾಡುತ್ತಿದ್ದರು. ನನಗೆ ಕೋಪವೇ ಬಂತು. ಹೆಣದ ಮುಂದೆ ಹೊಗಳಿಕೆಯೆ? ಆಗ ನನ್ನ ದೃಷ್ಟಿಯು ಮಿತ್ರರ ಮೇಲೆ ಬಿತ್ತು. ಅವರ ತುಟಿಗಳು ಅಲುಗುತ್ತಿರಲಿಲ್ಲ.

ತಿಂಗಳ ಮೇಲೆ ಒಂದು ದಿನ, ತಡೆಯಲಾರದೆ ಕೇಳಿಯೇಬಿಟ್ಟೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಂಡಿತರೇ, ಆ ದಿನ ನನ್ನಿಂದ ಆಗುತ್ತಿರಲಿಲ್ಲ. ಹಾಡೆಂದು ಯಾರೂ ನನ್ನನ್ನು ಒತ್ತಾಯಿಸಲೂ ಇಲ್ಲ. ನನ್ನ ಪಾಲಿನದನ್ನೂ ಅವರೇ ಹಾಡಿದರು. ಹಾಡು ನಿಂತುಹೋಗಿದ್ದರೆ ನಾನು ಹಿಂದಿರುಗಿ ಬರುವುದಕ್ಕೆ ಸ್ಥಳವೇ ಇರುತ್ತಿರಲಿಲ್ಲ” ಎಂದರು.

ಈ ಮಾತಿನ ಬೆಳಕಿನಲ್ಲಿ ಕೀರ್ತನೆಗಳ ಪುಸ್ತಕವನ್ನು ಮತ್ತೆ ಓದಿದೆನು. 150 ಕೀರ್ತನೆಗಳುಳ್ಳ ಈ ಗ್ರಂಥಕ್ಕೆ ಹೀಬ್ರೂ ಭಾಷೆಯಲ್ಲಿ ಇರುವ ಹೆಸರಿನ ಅರ್ಥ ‘ಸ್ತುತಿಗಳು’ ಎಂದು. ಒಳಗೆ ನೋಡಿದರೋ, ಮೂರರಲ್ಲಿ ಒಂದು ಪಾಲಿಗೆ ಕಡಮೆಯಿಲ್ಲದಷ್ಟು ಗೋಳಾಟ! ಎಷ್ಟುಕಾಲ ಮರೆತಿರುವೆಯೆಂದು ದೇವರನ್ನೇ ಗದರಿಸುವ ನುಡಿಗಳುಂಟು. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಕೊನೆಗೊಂದು ಸಾಂತ್ವನದ ಸಾಲನ್ನು ಸೇರಿಸಿ ಅದನ್ನು ತಿದ್ದಲು ಸಂಗ್ರಹಕಾರರು ಹೋಗಲಿಲ್ಲ. ಅಂತಹುದನ್ನೂ ‘ಸ್ತುತಿಗಳು’ ಎಂಬ ಹೆಸರಿನ ಕೆಳಗೆಯೇ ಇಟ್ಟುಕೊಂಡರು. ಮೊರೆಯಿಡುವವನು ಇನ್ನೂ ಅವನ ಕಡೆಗೇ ಮುಖಮಾಡಿ ನಿಂತಿದ್ದಾನೆಂಬುದೇ ಅವರಿಗೆ ಸಾಕಾಗಿರಬೇಕು.

ಮುಖಸ್ತುತಿಯ ಲಕ್ಷಣವು ಇದಕ್ಕೆ ನೇರ ವಿರುದ್ಧವಾದುದು. ಯೋಬನ ಗ್ರಂಥದಲ್ಲಿ ಇದು ಸ್ಪಷ್ಟವಾಗಿದೆ. ಸಂಪತ್ತು, ಮಕ್ಕಳು ಎಲ್ಲವನ್ನೂ ಕಳೆದುಕೊಂಡ ದಿನ ಯೋಬನು ದೇವರ ನಾಮವನ್ನು ಕೊಂಡಾಡಿದನು, ನಿಜ. ಆದರೆ ಆಮೇಲೆ ಅಧ್ಯಾಯಗಳ ತುಂಬ ಅವನು ದೇವರೊಡನೆ ವ್ಯಾಜ್ಯವಾಡುತ್ತಾನೆ. ಅವನ ಮಿತ್ರರಾದರೋ ದೇವರ ಪಕ್ಷವನ್ನೇ ಹಿಡಿದು, ಅವನ ನ್ಯಾಯವನ್ನು ಬಾಯಿತುಂಬ ಹೊಗಳುತ್ತ, ದುಃಖಿತನ ಮೇಲೆ ಇಲ್ಲದ ಪಾಪವನ್ನು ಹೊರಿಸುತ್ತಾರೆ. ದೇವರಿಗಾಗಿ ಸುಳ್ಳಾಡುವಿರಾ, ಅವನಿಗೂ ಪಕ್ಷಪಾತ ತೋರುವಿರಾ ಎಂದು ಯೋಬನು ಅವರನ್ನು ಕೇಳುತ್ತಾನೆ. ಕಡೆಯಲ್ಲಿ ದೇವರು ಕೋಪಿಸಿಕೊಂಡದ್ದು ಆ ಹೊಗಳಿದವರ ಮೇಲೆ; ತನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಿದವನು ಜಗಳವಾಡಿದ ಯೋಬನೇ ಎಂದನು. ಇದಕ್ಕಿಂತ ಬಲವಾದ ಉತ್ತರವು ನನ್ನ ಪೂರ್ವಪಕ್ಷಕ್ಕೆ ಬೇಕಿರಲಿಲ್ಲ.

ಇನ್ನೊಂದು ಮಾತುಂಟು. ಸ್ತುತಿರೂಪವಾದ ಅರ್ಥವಾದವು ವಿಧಿಯೊಡನೆ ಕೂಡಿದಾಗಲೇ ಸಾರ್ಥಕವೆಂದು ನಮ್ಮ ಮೀಮಾಂಸಕರು ಹೇಳುವುದಷ್ಟೆ. ಟೆಕೋವದ ಕುರುಬನಾದ ಪ್ರವಾದಿ ಆಮೋಸನೂ, ನ್ಯಾಯವು ಹೊಳೆಯಂತೆ ಹರಿಯದ ನಾಡಿನ ಗೀತೆಗಳು ದೇವರಿಗೆ ಬರಿಯ ಗದ್ದಲವೆಂದು ಸಾರಿದನು. ಬಡವನ ಕೂಲಿಯನ್ನು ತಡೆದಿಟ್ಟುಕೊಂಡು ಹಾಡಿದರೆ ಕಂಠವೆಷ್ಟು ಇಂಪಾಗಿದ್ದರೇನು? ಇದು ಯಾವ ಮತದವರಿಗೂ ತಪ್ಪಿದ್ದಲ್ಲವಾದುದರಿಂದ ಬೆಳೆಸುವುದಿಲ್ಲ.

ಮರುವರ್ಷ ಅದೇ ಬೀದಿಯಲ್ಲಿ ಇನ್ನೊಂದು ಕ್ರೈಸ್ತ ಕುಟುಂಬದಲ್ಲಿ ಸಾವಾಯಿತು. ಎಳೆಯ ವಿಧವೆಯು ಗೋಡೆಗೊರಗಿ ಮಾತಿಲ್ಲದೆ ಕುಳಿತಿದ್ದಳು. ನಾನು ಬಾಗಿಲ ಬಳಿ ನಿಂತಿದ್ದೆನು. ಸಭೆಯವರು ಒಬ್ಬರ ಮುಖವನ್ನೊಬ್ಬರು ನೋಡುತ್ತಿರಲು, ಮೊದಲು ಸ್ವರವೆತ್ತಿದವರು ನನ್ನ ಮಿತ್ರರೇ. ಅವರ ಕಂಠವು ಎಂದೂ ಚೆನ್ನಾಗಿರಲಿಲ್ಲ. ಆ ದಿನ ಎರಡು ಕಡೆ ರಾಗವೂ ತಪ್ಪಿತು. ಉಳಿದವರು ಸೇರಿಕೊಂಡರು.