ನೆಲದಿಂದ ಬಂದ ಪತ್ರ

ತಪ್ಪು ಮಾಡುತ್ತಿರುವವನಿಗೆ ತಾನು ತಪ್ಪುತ್ತಿದ್ದೇನೆ ಎಂದು ತಿಳಿಯುತ್ತದೆಯೇ? ತಿಳಿಯುತ್ತದೆ, ಮನಸ್ಸಾಕ್ಷಿ ಒಳಗಿನಿಂದ ಚುಚ್ಚುತ್ತದೆ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ನಾನೂ ಹಾಗೆಯೇ ನಂಬಿದ್ದೆ. ಆ ನಂಬಿಕೆಯನ್ನು ಅಲುಗಾಡಿಸಿದ್ದು ಒಂದು ಬಲೂನಿನ ಕತೆ.

1875ರ ಏಪ್ರಿಲ್ 15ರಂದು ಪ್ಯಾರಿಸ್ಸಿನಿಂದ ‘ಝೆನಿತ್’ ಎಂಬ ಬಲೂನು ಮೇಲೇರಿತು. ಅದರ ಬುಟ್ಟಿಯಲ್ಲಿ ಮೂವರಿದ್ದರು: ತಿಸಾಂದಿಯೆ, ಕ್ರೋಸೆ-ಸ್ಪಿನೆಲ್ಲಿ ಮತ್ತು ಸಿವೆಲ್. ಎತ್ತರದ ವಾಯುಮಂಡಲವನ್ನು ಅಭ್ಯಾಸ ಮಾಡುವುದು ಅವರ ಉದ್ದೇಶ. ಅವರು ಅಜ್ಞಾನಿಗಳಲ್ಲ. ಕ್ರೋಸೆ-ಸ್ಪಿನೆಲ್ಲಿ ಮತ್ತು ಸಿವೆಲ್ ಹಿಂದಿನ ವರ್ಷವೇ ಶರೀರಶಾಸ್ತ್ರಜ್ಞ ಪಾಲ್ ಬರ್ಟ್ ಅವರ ಕೋಣೆಯಲ್ಲಿ, ಕಡಿಮೆ ಒತ್ತಡದ ಗಾಳಿಯಲ್ಲಿ ಕುಳಿತು, ಆಮ್ಲಜನಕ ಹೇಗೆ ಜೀವ ಹಿಡಿಯುತ್ತದೆ ಎಂಬುದನ್ನು ಕಂಡಿದ್ದರು. ಆದ್ದರಿಂದಲೇ ಆಮ್ಲಜನಕ ತುಂಬಿದ ಚೀಲಗಳನ್ನು ಜೊತೆಗೆ ಒಯ್ದಿದ್ದರು. ಇದ್ದದ್ದು ಸ್ವಲ್ಪ. ನಿಜವಾದ ಅಗತ್ಯ ಬಿದ್ದಾಗ ಬಳಸೋಣ ಎಂದುಕೊಂಡರು.

ಸುಮಾರು 8,000 ಮೀಟರ್ ಎತ್ತರದಲ್ಲಿ ಆ ಅಗತ್ಯ ಬಿತ್ತು. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ನೂರಕ್ಕೆ 21ರಷ್ಟೇ. ಆದರೆ ಗಾಳಿಯ ಒತ್ತಡವೇ ಸಮುದ್ರಮಟ್ಟದ ಒತ್ತಡದ ಮೂರನೇ ಒಂದು ಭಾಗಕ್ಕೆ ಇಳಿದಿರುತ್ತದೆ. ರಕ್ತಕ್ಕೆ ಬೇಕಾದಷ್ಟು ಸಿಗುವುದಿಲ್ಲ. ತಿಸಾಂದಿಯೆ ಆಮ್ಲಜನಕದ ನಳಿಕೆ ಹಿಡಿಯಲು ಹೋದರು, ಕೈ ಏಳಲಿಲ್ಲ. ಮಾತಾಡಲು ಹೋದರು, ನಾಲಗೆ ಹೊರಳಲಿಲ್ಲ. ಪ್ರಜ್ಞೆ ತಪ್ಪಿತು. ನಡುವೆ ಒಮ್ಮೆ ಎಚ್ಚರವಾಗಿ ಮತ್ತೆ ಮುಳುಗಿ, ಕೊನೆಗೆ ಕಣ್ಣು ತೆರೆದಾಗ ಗೆಳೆಯರಿಬ್ಬರೂ ಮುಖ ಕಪ್ಪಿಟ್ಟು ಸತ್ತುಬಿದ್ದಿದ್ದರು.

ಬದುಕಿ ಬಂದ ತಿಸಾಂದಿಯೆ ಆಮೇಲೆ ಬರೆದದ್ದೇ ನನ್ನನ್ನು ಕಾಡಿದ್ದು. ತಮಗೆ ಯಾವ ಸಂಕಟವೂ ಆಗಲಿಲ್ಲ ಎನ್ನುತ್ತಾರೆ ಅವರು. ಬದಲಿಗೆ ಬೆಳಕು ಮೈಮೇಲೆ ಸುರಿದಂತೆ ಒಳಗೊಂದು ಆನಂದ. ಅಪಾಯದ ಯೋಚನೆಯೇ ಇಲ್ಲ. ಏರುತ್ತಿದ್ದೇವೆ, ಏರುವುದೇ ಸುಖ!

ಇದಕ್ಕೆ ಕಾರಣ ನಮ್ಮ ದೇಹದಲ್ಲೇ ಇದೆ. ಉಸಿರುಕಟ್ಟುವ ಸಂಕಟ ನಮಗೆ ಮುಖ್ಯವಾಗಿ ಬರುವುದು ಇಂಗಾಲದ ಡೈಆಕ್ಸೈಡ್ ಒಳಗೆ ತುಂಬಿಕೊಂಡಾಗ, ಆಮ್ಲಜನಕ ಕಡಿಮೆಯಾದಾಗ ಅಲ್ಲ. ತೆಳು ಗಾಳಿಯಲ್ಲಿ ಉಸಿರಾಟ ನಡೆದೇ ಇರುತ್ತದೆ, ಆ ಅನಿಲ ಹೊರಗೆ ಹೋಗುತ್ತಲೇ ಇರುತ್ತದೆ. ಗಂಟೆ ಬಾರಿಸುವುದಿಲ್ಲ. ಅಪಾಯವನ್ನು ಅಳೆಯಬೇಕಾದ ಮಿದುಳೇ ಮೊದಲು ಮಂಕಾಗುತ್ತದೆ.

ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯದಲ್ಲಿ ದಾರಿತಪ್ಪಿದವನ ಎದೆಯ ಬಿಗಿತವನ್ನು ಆಕಾಶಕ್ಕೆ ಏರುವವನ ಅವಸ್ಥೆಗೆ ಹೋಲಿಸಲಾಗಿದೆ. ವಿಜ್ಞಾನ ಇದನ್ನು ಈಚೆಗಷ್ಟೇ ಕಂಡುಹಿಡಿಯಿತು ಎಂದು ಬೀಗುವ ಭಾಷಣಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಕುರ್‌ಆನಿಗೆ ವಿಜ್ಞಾನದ ಸರ್ಟಿಫಿಕೇಟು ಬೇಕಿಲ್ಲ. ಆ ಮಾತು ಇರುವುದು ನಮ್ಮ ಎದೆಯ ಬಗ್ಗೆ. ಎದೆ ಬಿಗಿಯುವುದು ಅರಿವಿಗೆ ಬರುವವರೆಗೆ ಮರಳುವ ದಾರಿ ಇದೆ ಎಂದು ನನಗೆ ಅನಿಸುತ್ತದೆ. ಬಿಗಿತವೂ ತಿಳಿಯದ ಸ್ಥಿತಿಗೆ ನಮ್ಮ ಹಿರಿಯರು ಗಫ್ಲತ್ ಎಂದರು. ಅದು ಪಾಪಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಹಿತವಾಗಿರುತ್ತದೆ.

ಜೊತೆಗಾರ ಎಚ್ಚರಿಸುವುದಿಲ್ಲವೇ ಎಂದು ನೀವು ಕೇಳಬಹುದು. 1862ರಲ್ಲಿ ಇಂಗ್ಲೆಂಡಿನ ಗ್ಲೈಷರ್ ಬಲೂನಿನಲ್ಲಿ ಪ್ರಜ್ಞೆ ತಪ್ಪಿದಾಗ, ಕೈಗಳು ಮರಗಟ್ಟಿದ್ದ ಕಾಕ್ಸ್‌ವೆಲ್ ಹಲ್ಲಿನಿಂದಲೇ ಹಗ್ಗ ಕಚ್ಚಿ ಎಳೆದು ಅನಿಲ ಬಿಟ್ಟು ಇಬ್ಬರನ್ನೂ ಉಳಿಸಿದರು. ಆದರೆ ಝೆನಿತ್‌ನಲ್ಲಿ ಮೂವರಿದ್ದೂ ಹಾಗಾಗಲಿಲ್ಲ. ಒಂದೇ ಬುಟ್ಟಿ, ಒಂದೇ ತೆಳು ಗಾಳಿ. ಯಾರು ಯಾರನ್ನು ಎಚ್ಚರಿಸಬೇಕು? ಎಚ್ಚರಿಕೆ ಬಂದದ್ದು ಕೆಳಗಿನಿಂದ. ನೀವು ಒಯ್ಯುವ ಆಮ್ಲಜನಕ ಸಾಲದು ಎಂದು ಪಾಲ್ ಬರ್ಟ್ ಪತ್ರ ಬರೆದಿದ್ದರು. ಅದು ತಲುಪುವಷ್ಟರಲ್ಲಿ ತಡವಾಗಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮವರೇ ತುಂಬಿದ್ದ ಒಂದು ಸಭೆಯಲ್ಲಿ ನಾನು ಮಾತಾಡಿದೆ. ನಮಗಾದ ಅನ್ಯಾಯಗಳನ್ನು ಹೇಳುತ್ತಾ ಹೇಳುತ್ತಾ, ಎದುರಿನ ಸಮುದಾಯವನ್ನೆಲ್ಲ ಒಂದೇ ಮಾತಿನಲ್ಲಿ ಕಟ್ಟಿಹಾಕಿಬಿಟ್ಟೆ. ಚಪ್ಪಾಳೆಯೋ ಚಪ್ಪಾಳೆ. ಆ ರಾತ್ರಿ ನನಗೆ ಸುಖವಾದ ನಿದ್ದೆ ಬಂತು. ಪತ್ರಿಕೆಯಲ್ಲಿ ವರದಿ ಓದಿದ ನನ್ನ ಹಳೆಯ ಕನ್ನಡ ಮೇಷ್ಟ್ರು ಒಂದು ಕಾರ್ಡು ಬರೆದರು: “ಎದುರಿಗೆ ನಾನು ಕೂತಿದ್ದರೂ ಇದೇ ಮಾತು ಆಡುತ್ತಿದ್ದೆಯೇನಪ್ಪಾ?” ನನಗೆ ಸಿಟ್ಟು ಬಂತು. ತಿಂಗಳುಗಟ್ಟಲೆ ಉತ್ತರ ಬರೆಯಲಿಲ್ಲ.

ಅನ್ಯಾಯ ನಿಜ. ಅದನ್ನು ಹೇಳಲೇಬೇಕು. ಆದರೆ ಹೇಳುವಾಗ ಸಿಗುವ ಆ ಆನಂದವನ್ನು ನಂಬಬಾರದು. ಯಾವ ಸಮುದಾಯವೇ ಆಗಲಿ, ತನ್ನವರ ನಡುವೆಯೇ ಏರುತ್ತಾ ಹೋದಾಗ ಎಲ್ಲರಿಗೂ ಒಟ್ಟಿಗೇ ಮಂಕು ಕವಿಯುತ್ತದೆ. ಎಲ್ಲರೂ ಅದನ್ನು ಬೆಳಕು ಎಂದೇ ಕರೆಯುತ್ತಾರೆ.

ಬೆಂಗಳೂರಿನಲ್ಲಿ ವಾಯುಪಡೆಯ ವೈದ್ಯಕೀಯ ಸಂಸ್ಥೆಯೊಂದಿದೆ. ಕಡಿಮೆ ಒತ್ತಡದ ಕೋಣೆಯಲ್ಲಿ ಕೂರಿಸಿ, ಮಂಕು ಕವಿಯುವ ಮೊದಲ ಲಕ್ಷಣಗಳನ್ನು ವಿಮಾನ ಚಾಲಕರಿಗೆ ಅಲ್ಲಿ ಪರಿಚಯಿಸುತ್ತಾರೆ. ಇಂತಿಷ್ಟು ಎತ್ತರ ದಾಟಿದರೆ ಆಮ್ಲಜನಕ ತೆಗೆದುಕೊಳ್ಳಲೇಬೇಕು, ‘ನನಗೇನೂ ಆಗಿಲ್ಲ’ ಎನಿಸಿದರೂ ಸರಿ ಎಂಬುದು ಚಾಲಕರ ನಿಯಮ. ನೆಲದ ಮೇಲೆ ಎಚ್ಚರವಿದ್ದಾಗ ಮಾಡಿದ ತೀರ್ಮಾನವನ್ನು ಮೇಲೆ ಹೋದಾಗ ಬದಲಿಸುವ ಹಕ್ಕಿಲ್ಲ. ಮನಸ್ಸು ಬಂದಾಗ ಮಾಡೋಣ ಎಂದು ಬಿಡದೆ, ನಮಾಜಿಗೆ ದಿನಕ್ಕೆ ಐದು ಹೊತ್ತು ಗೊತ್ತುಮಾಡಿರುವುದರ ಅರ್ಥ ನನಗೆ ಈಗ ಸ್ವಲ್ಪ ಹೊಳೆಯುತ್ತದೆ. ಎಷ್ಟೇ ಎತ್ತರದಲ್ಲಿದ್ದರೂ ಹಣೆಯನ್ನು ನೆಲಕ್ಕೆ ಮುಟ್ಟಿಸಿ ಬರಬೇಕು.

ಆದರೆ ನಿಯಮವೊಂದೇ ಸಾಲದು. ನಮಾಜು ಮುಗಿಸಿಯೇ ಅಲ್ಲವೇ ನಾನು ಆ ಭಾಷಣಕ್ಕೆ ಹೋದದ್ದು! ಬುಟ್ಟಿಯ ಹೊರಗೆ, ಬೇರೆ ಗಾಳಿಯಲ್ಲಿ ನಿಂತವನೊಬ್ಬ ನಮಗೆ ಬೇಕು. ಅವನ ಮಾತು ಕಹಿಯಾಗಿರಬಹುದು. ಕೆಲವೊಮ್ಮೆ ತಪ್ಪೂ ಆಗಿರಬಹುದು. ಆದರೂ ಓದಬೇಕು.

ಪಾಲ್ ಬರ್ಟ್ ಅವರ ಪತ್ರ ತಡವಾಗಿ ಬಂತು. ನಮಗೆ ಬರುವ ಪತ್ರಗಳು ಎಷ್ಟೋ ಸಲ ಹೊತ್ತಿಗೆ ಸರಿಯಾಗಿಯೇ ಬರುತ್ತವೆ. ತಡಮಾಡುವವರು ನಾವು.