ವೈದ್ಯವಿದ್ಯಾರ್ಥಿಯ ಧರ್ಮ

ವೈದ್ಯವಿದ್ಯೆಯನ್ನು ಕಲಿಯುತ್ತಿರುವ ತರುಣನ ಧರ್ಮವು ರೋಗಿಯ ಮಂಚದ ಬಳಿಯಲ್ಲಿಯೇ ಮುಗಿಯುವುದೋ, ಅಥವಾ ಮನುಷ್ಯನೆಂಬ ಕಾರಣದಿಂದಲೇ ಆ ರೋಗಿಗಿರುವ ಹಕ್ಕುಗಳ ರಕ್ಷಣೆಗೂ ವ್ಯಾಪಿಸುವುದೋ? ಮೊದಲು ಓದು ಮುಗಿಯಲಿ, ಲೋಕದ ಅನ್ಯಾಯವನ್ನು ಆಮೇಲೆ ವಿಚಾರಿಸಬಹುದೆಂದು ಹಿರಿಯರು ಹೇಳುವುದುಂಟು. ಈ ಮಾತು ಅವಿವೇಕದ್ದಲ್ಲ. ಒಬ್ಬ ಸಮರ್ಥ ವೈದ್ಯನು ತನ್ನ ಆಯುಷ್ಯದಲ್ಲಿ ಎಷ್ಟೋ ಜೀವಗಳನ್ನುಳಿಸಬಲ್ಲನು. ಅವನು ಅಕಾಲದಲ್ಲಿ ಅಳಿದರೆ ಆ ನಷ್ಟವು ಅವನೊಬ್ಬನದಲ್ಲ.

ಆದರೆ ಓದು ಮುಗಿಸಿದವರು ಜರ್ಮನಿಯಲ್ಲಿ ಮಾಡಿದುದೇನು? ಮನೋರೋಗಿಗಳನ್ನೂ ಅಂಗವಿಕಲರನ್ನೂ ವಿಷಾನಿಲದಿಂದ ಕೊಲ್ಲುವ ಏರ್ಪಾಡಿಗೆ 1941ರ ಆಗಸ್ಟ್ ತಿಂಗಳಿನೊಳಗಾಗಿ 70,000ಕ್ಕೂ ಹೆಚ್ಚು ಮಂದಿ ಬಲಿಯಾಗಿದ್ದರು. ಯಾರು ಸಾಯತಕ್ಕವರೆಂಬುದನ್ನು, ಅನೇಕ ವೇಳೆ ರೋಗಿಯ ಮುಖವನ್ನೂ ನೋಡದೆ, ಕಾಗದದ ಮೇಲೆ ಗುರುತುಮಾಡಿದವರು ವೈದ್ಯರೇ. ಮುಂದೆ 1946–47ರಲ್ಲಿ ನ್ಯೂರೆಂಬರ್ಗ್ ನಗರದ ಒಂದು ವಿಚಾರಣೆಯಲ್ಲಿ ಆಪಾದಿತರಾಗಿ ನಿಂತ 23 ಮಂದಿಯಲ್ಲಿ 20 ಮಂದಿ ವೈದ್ಯರು. ಅವರಲ್ಲಿ ವಿದ್ಯೆಗೇನೂ ಕೊರತೆಯಿರಲಿಲ್ಲ.

ಇಂತಹ ನಾಡಿನ ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ 1942ರ ಬೇಸಗೆಯಲ್ಲಿ ವೈದ್ಯವಿದ್ಯಾರ್ಥಿಗಳ ಒಂದು ಸಣ್ಣ ಗುಂಪು ಕೂಡಿಕೊಂಡಿತು. ಅದಕ್ಕೆ ಅಧ್ಯಕ್ಷರಿಲ್ಲ, ಚಂದಾ ಇಲ್ಲ, ನಿಬಂಧನೆಗಳ ಪುಸ್ತಕವಿಲ್ಲ. ಸಂಘವೆಂದರೆ ಇವುಗಳೇ ಎಂದು ತಿಳಿದವರು ಅದನ್ನು ಸಂಘವೆನ್ನಲಾರರು. ಹಾನ್ಸ್ ಶೋಲ್ ಮತ್ತು ಅಲೆಕ್ಸಾಂಡರ್ ಶ್ಮೊರೆಲ್ ಎಂಬಿಬ್ಬರು ‘ಬಿಳಿಯ ಗುಲಾಬಿ’ ಎಂಬ ಹೆಸರಿನಿಂದ ನಾಲ್ಕು ಕರಪತ್ರಗಳನ್ನು ಬರೆದು ಅಂಚೆಯ ಮೂಲಕ ಹಂಚಿದರು. ಪೋಲೆಂಡಿನಲ್ಲಿ ಮೂರು ಲಕ್ಷ ಯೆಹೂದ್ಯರು ಕೊಲೆಯಾಗಿರುವರೆಂದು ಎರಡನೆಯ ಪತ್ರವು ಜನರಿಗೆ ಬಹಿರಂಗವಾಗಿ ಸಾರಿತು. ಆ ಬೇಸಗೆಯಲ್ಲಿಯೇ ಹಾನ್ಸ್, ಶ್ಮೊರೆಲ್, ವಿಲ್ಲಿ ಗ್ರಾಫ್ ಈ ಮೂವರನ್ನೂ ಶುಶ್ರೂಷಕ ಸಿಪಾಯಿಗಳಾಗಿ ರಷ್ಯದ ರಣರಂಗಕ್ಕೆ ಕಳುಹಿಸಲಾಯಿತು. ಗಾಯಾಳುಗಳ ಸೇವೆಯನ್ನು ಅವರು ಅಲ್ಲಿ ಮಾಡಿಯೇ ಮಾಡಿದರು. ಹಿಂದಿರುಗಿದ ಮೇಲೆ ಕೆಲಸವನ್ನು ಕೈಬಿಡಲಿಲ್ಲ, ಹೆಚ್ಚಿಸಿದರು. ಹಾನ್ಸನ ತಂಗಿ ಸೋಫಿಯೂ, ಕೂರ್ಟ್ ಹೂಬರ್ ಎಂಬ ಅಧ್ಯಾಪಕರೂ ಜೊತೆಗೂಡಿದರು. 1943ರ ಜನವರಿಯ ಐದನೆಯ ಪತ್ರವು ವಾಕ್ಸ್ವಾತಂತ್ರ್ಯ, ಮತಸ್ವಾತಂತ್ರ್ಯ, ಪ್ರಭುತ್ವದ ಸ್ವೇಚ್ಛಾಚಾರದಿಂದ ಪ್ರಜೆಗೆ ರಕ್ಷಣೆ ಇವನ್ನು ಕೇಳಿತು.

ಬದುಕಿದ್ದರೆ ಇವರು ಹೆಚ್ಚು ಜೀವಗಳನ್ನುಳಿಸುತ್ತಿದ್ದರೆಂಬ ಲೆಕ್ಕವನ್ನು ಇಲ್ಲಿ ಹೇಗೆ ಹಾಕುವುದು? ಯಾರು ಬದುಕತಕ್ಕವರೆಂಬುದನ್ನು ಪ್ರಭುತ್ವವೇ ನಿರ್ಣಯಿಸುವ ದೇಶದಲ್ಲಿ ಮದ್ದು ಕೊಡುವ ಕೈಯೂ ಆ ನಿರ್ಣಯಕ್ಕೆ ಅಧೀನವಾಗುತ್ತದೆ. ಅಲ್ಲಿ ಚಿಕಿತ್ಸೆಗಿಂತ ಮೊದಲು ಬರುವುದು ಸತ್ಯವನ್ನು ನುಡಿಯುವುದು. ತನ್ನ ಪ್ರಾಣದ ಮಟ್ಟಿಗೆ ಇದನ್ನು ನಿಶ್ಚಯಿಸಿಕೊಳ್ಳಲು ಪ್ರತಿಯೊಬ್ಬನಿಗೂ ಅಧಿಕಾರವಿದೆ.

ಇನ್ನೊಬ್ಬನ ಪ್ರಾಣದ ಮಟ್ಟಿಗೆ? ತೊಡಕು ಇರುವುದು ಇಲ್ಲಿಯೇ. ಗೆಳೆಯರಲ್ಲಿ ಕ್ರಿಸ್ಟೋಫ್ ಪ್ರೋಬ್ಸ್ಟ್ ಎಂಬ ವೈದ್ಯವಿದ್ಯಾರ್ಥಿಯೊಬ್ಬನಿದ್ದನು. ವಯಸ್ಸು 23, ಮೂರು ಮಕ್ಕಳ ತಂದೆ. ಸಂಸಾರಸ್ಥನೆಂದು ಇತರರು ಅವನನ್ನು ಅಪಾಯದ ಕೆಲಸಗಳಿಂದ ದೂರವಿರಿಸಿದ್ದರು. ಆದರೂ ಅವನು ಒಂದು ಕರಪತ್ರದ ಕರಡನ್ನು ಸ್ವಹಸ್ತದಿಂದ ಬರೆದುಕೊಟ್ಟಿದ್ದನು. ಫೆಬ್ರವರಿ 18ರಂದು ಹಾನ್ಸನೂ ಸೋಫಿಯೂ ವಿಶ್ವವಿದ್ಯಾನಿಲಯದಲ್ಲಿ ಪತ್ರಗಳನ್ನು ಹರಡುತ್ತಿದ್ದಾಗ ಸಿಕ್ಕಿಬಿದ್ದರು. ಆ ಕರಡು ಹಾನ್ಸನ ಜೇಬಿನಲ್ಲಿತ್ತು. ಹರಿದುಹಾಕಲು ಯತ್ನಿಸಿದನು, ಆಗಲಿಲ್ಲ. ಚೂರುಗಳನ್ನು ಜೋಡಿಸಿ ಬರೆದವನನ್ನು ಪತ್ತೆಹಚ್ಚಿದರು. ಆ ಕಾಗದವನ್ನು ಅಂದು ಮನೆಯಲ್ಲಿ ಬಿಟ್ಟುಬರದಿದ್ದುದು ಹಾನ್ಸನ ಅಪರಾಧವೇ? ಧೀರನನ್ನು ಹೊಗಳುವವರು ಈ ಪ್ರಶ್ನೆಯನ್ನು ದಾಟಿಹೋಗುವುದು ಸರಿಯಲ್ಲ. ಅವನಂತೂ ದಾಟಲಿಲ್ಲ; ಅಣ್ಣತಂಗಿಯರಿಬ್ಬರೂ ತಪ್ಪನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡು ಪ್ರೋಬ್ಸ್ಟನನ್ನುಳಿಸಲು ಹೆಣಗಿದರು. ಮಕ್ಕಳಿಗೋಸ್ಕರ ತನ್ನನ್ನುಳಿಸಬೇಕೆಂದು ಪ್ರೋಬ್ಸ್ಟನೂ ಬೇಡಿದನು. ಪ್ರಾಣಭಿಕ್ಷೆಯು ಸಂಘದ ಧ್ಯೇಯಕ್ಕೆ ಕುಂದೆಂದು ಎಣಿಸುವವರು ಮಕ್ಕಳನ್ನು ಎತ್ತಿ ಆಡಿಸಿದವರಲ್ಲ.

ಫೆಬ್ರವರಿ 22ರಂದು ವಿಚಾರಣೆಯಾಯಿತು. ಅದೇ ದಿನ ಸಾಯಂಕಾಲ ಮೂವರ ಶಿರಚ್ಛೇದವೂ ಆಯಿತು. ಪ್ರೋಬ್ಸ್ಟನ ಕಿರಿಯ ಮಗುವಿಗೆ ಆಗ ಒಂದು ತಿಂಗಳು.